ಮಂಡಕ್ಕಿ ಭಟ್ಟಿಯ ಉಸುಕು

ಕೊಂಡಜ್ಜಿ ಕೆರೆಯಿಂದ ಮೇಲೆ ಬಂದು ಏರಿಯ ಮೇಲೆ ಕೂತು ನನ್ನ ಹೆಬ್ಬೆರಳನ್ನು ನಾನೇ ಚಿವುಟಿದೆ. ನೋವಾಗಲಿಲ್ಲ. ಉಗುರು ಊರಿ ಇನ್ನೊಮ್ಮೆ ಚಿವುಟಿದೆ. ಯಾರದೋ ಬೆರಳು ಹಿಡಿದಂತಿತ್ತು.

ಸಮುದ್ರದ ದಂಡೆಯಲ್ಲಿರುವ ನಿಮಗೆ ಇದು ಸುಳ್ಳು ಅನ್ನಿಸುತ್ತದೆ. ದಾವಣಗೆರೆ ಅಂದರೆ ಬಿಸಿಲು ಅಂತ ಹೇಳಿಯೇ ನೀವು ನನ್ನನ್ನು ಘಟ್ಟ ಹತ್ತಿಸಿದಿರಿ. ಬಿಸಿಲು ಹಗಲಿಗೆ. ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ಬೆಳಗಿನ ಗಾಳಿ ಬಯಲಿನ ಮೇಲೆ ಹಾದು ನೇರವಾಗಿ ಮೊಣಕಾಲಿಗೆ ಬಡಿಯುತ್ತದೆ. ನಮ್ಮಲ್ಲಿ ಎಷ್ಟು ಹೊತ್ತಿಗೆ ಕಾಲಿಟ್ಟರೂ ನೀರು ಬೆಚ್ಚಗೆ. ಇಲ್ಲಿನ ಕೆರೆ ನೀರು ಕಚ್ಚುತ್ತದೆ.

ಕೆರೆಗೆ ಯಾಕೆ ಇಳಿದೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ಹತ್ತಿ ಮಿಲ್ಲಿನಲ್ಲಿ ಆಗ ನಾನು ಬದಲಿ. ಬದಲಿ ಅಂದರೆ ಯಾರಾದರೂ ಬಾರದ ದಿನ ಅವರ ಜಾಗದಲ್ಲಿ ನಿಲ್ಲುವವನು. ದಿನಾ ಬೆಳಿಗ್ಗೆ ಗೇಟಿನ ಹೊರಗೆ ಕಾಯಬೇಕು. ಜಾಬರ್, ಅಂದರೆ ನಮ್ಮ ಖಾತೆಯ ಮೇಸ್ತ್ರಿ, ಬಂದು ಬೆರಳು ತೋರಿಸಿದರೆ ಒಳಗೆ. ತೋರಿಸದಿದ್ದರೆ ವಾಪಸು. ಕೆಲಸ ಕಾಯಂ ಆಗಬೇಕಾದರೂ ಅದೇ ಬೆರಳು. ನಮ್ಮ ಜಾಬರ್ ಹನುಮಂತಪ್ಪನಿಗೆ ಭಾನುವಾರ ಬಾತುಕೋಳಿ ಹೊಡೆಯುವ ಹುಚ್ಚು. ಅವನ ಹತ್ತಿರ ಕೇಪಿನ ಬಂದೂಕು ಇತ್ತು, ಮಿಲಿಟರಿಯ ಹಳೇ ಬೂಟು ಇತ್ತು. ಬಿದ್ದ ಹಕ್ಕಿಯನ್ನು ನೀರಿಗಿಳಿದು ತರುವ ನಾಯಿ ಇರಲಿಲ್ಲ. ನಾನಿದ್ದೆ.

"ಏ ಸಮುದ್ರ, ನಾಳೆ ಬೆಳಕರಿಯೋದ್ರೊಳಗ ಬಂದುಬಿಡು. ನೀರಂದ್ರ ನಿಮಗೆ ಮನಿ ಅಂಗಳ ಇದ್ದಂಗಲ್ಲೇನು?" ಅಂದ.

ನನ್ನ ಹೆಸರು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಊರು ನನಗೆ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಪಿ.ಜೆ. ಬಡಾವಣೆಯಲ್ಲಿ ರೂಮು ಕೇಳಲು ಹೋದಾಗ ಒಬ್ಬ ಯಜಮಾನರು "ಯಾವ ಕಡೆಯೋರಪ್ಪ? ಮೀನು ತಿಂತೀರೇನು?" ಅಂದರು. ಹೌದು ಅಂದೆ. ಬಾಗಿಲು ಹಾಕಿಕೊಂಡರು. ಮೀನಾದರೂ ಎಲ್ಲಿದೆ ಇಲ್ಲಿ? ಕೆರೆ ಮೀನು ಕೆಸರು ನಾರುತ್ತದೆ. ಜೋಳದ ರೊಟ್ಟಿ ಮುರಿದು ತಿಂದರೆ ಗಂಟಲಲ್ಲೇ ಕೂರುತ್ತದೆ. ನಾನು "ಉಂಟು" ಅಂದರೆ ಅಂಗಡಿಯವರು ನಗುತ್ತಾರೆ. ಇಲ್ಲಿ "ಐತೆ" ಅನ್ನಬೇಕು. ಕಪ್ಪು ಮಣ್ಣು ಹಿಮ್ಮಡಿಗೆ ಅಂಟಿ ಒಣಗಿ, ಚರ್ಮವನ್ನೂ ಸೀಳಿಕೊಂಡು ಉದುರುತ್ತದೆ.

ಕೊನೆಗೆ ಜಾಗ ಸಿಕ್ಕಿದ್ದು ಮಂಡಕ್ಕಿ ಭಟ್ಟಿಯ ಹಿಂದಿನ ಗೋಡೆಗೆ ಇಳಿಸಿದ ತಗಡಿನ ಸೂರಿನಲ್ಲಿ. ಭಟ್ಟಿಯಲ್ಲಿ ದೊಡ್ಡ ಬಾಣಲೆ, ಬಾಣಲೆಯಲ್ಲಿ ಕಾದ ಹೊಯಿಗೆ, ಅದರಲ್ಲಿ ಅಕ್ಕಿ ಹಾಕಿದರೆ ಮಂಡಕ್ಕಿ ಅರಳುತ್ತದೆ. ನಮ್ಮ ಹೊಯಿಗೆಗೆ ಇವರು ಉಸುಕು ಅನ್ನುತ್ತಾರೆ. ಹರಿಹರದ ಹೊಳೆಯಿಂದ ಗಾಡಿಯಲ್ಲಿ ತರಿಸುತ್ತಾರೆ. ಭಟ್ಟಿ ನಡೆಸುವವಳು ಖಾದರ್‌ಬಿ. ಎಲ್ಲರೂ ಖಾಲಾ ಅಂತಾರೆ, ಅಂದರೆ ಚಿಕ್ಕಮ್ಮ. ಮೀನಿನ ವಿಷಯ ಅವಳು ಕೇಳಲೇ ಇಲ್ಲ.

ಮೊದಲನೇ ಭಾನುವಾರ ಹನುಮಂತಪ್ಪನ ಗೆಳೆಯರ ಜೊತೆ ಕೊಂಡಜ್ಜಿಗೆ ಸೈಕಲ್ಲಿನಲ್ಲಿ ಹೋದೆವು. ಹನುಮಂತಪ್ಪ ಮಿಲ್ಲಿನ ಹತ್ತಿಯ ವೇಸ್ಟನ್ನು ಕಾಲಿಗೆ ಸುತ್ತಿ, ಮೇಲೆ ಬೂಟು ಏರಿಸಿದ. ನನಗೂ ಒಂದು ಮುಷ್ಟಿ ಎಸೆದ.

"ಸುತ್ಕೊಳ್ಳಲೇ. ಹತ್ತಿ ಊರಾಗ ಇದ್ದು ಚಳಿ ಅಂದ್ರ ಮಂದಿ ನಗ್ತಾರ."

ಈ ಊರಿನವರಿಗೆ ಎಲ್ಲದಕ್ಕೂ ಹತ್ತಿ. ಗಾಯಕ್ಕೆ ಹತ್ತಿ, ದಿಂಬಿಗೆ ಹತ್ತಿ, ಚಳಿಗೂ ಹತ್ತಿ. ಬೂಟಿನೊಳಗೆ ಒಣಗಿದ್ದರೆ ಸರಿ. ನನಗೆ ಬೂಟು ಎಲ್ಲಿತ್ತು? ಹತ್ತಿ ಸುತ್ತಿ, ದಾರ ಬಿಗಿದು, ನೀರಿಗಿಳಿದೆ. ಅದು ನೀರು ಕುಡಿದು ಕಲ್ಲಿನಂತಾಯಿತು. ಬಿಗಿದ ದಾರದ ಕೆಳಗೆ ರಕ್ತ ಓಡಲಿಲ್ಲ. ಹಕ್ಕಿ ಬಿದ್ದಾಗಲೆಲ್ಲ ದಂಡೆಯಿಂದ ಕೂಗು. "ಆ ಕಡೆ ಐತಲೇ! ಜೊಂಡಿನಾಗ! ಕಣ್ಣು ಕಾಣಂಗಿಲ್ಲೇನು?"

ಮೇಲೆ ಬಂದು ಬೆರಳು ಚಿವುಟಿದ್ದು ಆಗಲೇ. ಹೆದರಿಕೆಯಾಯಿತು. ಅವರು ಚಹಾಕ್ಕೆ ಹಚ್ಚಿದ್ದ ಬೆಂಕಿಯ ಹತ್ತಿರ ಹೋಗಿ ಎರಡೂ ಕಾಲು ಕೆಂಡದ ಪಕ್ಕಕ್ಕೆ ಚಾಚಿದೆ. ಬಿಸಿ ತಿಳಿಯಲಿಲ್ಲ. ಇನ್ನೂ ಹತ್ತಿರ ಚಾಚಿದೆ. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು.

ಸೋಮವಾರ ಅಂಗಾಲು ತುಂಬ ಬೊಕ್ಕೆ. ಆದರೂ ಗೇಟಿಗೆ ಹೋದೆ. ಹನುಮಂತಪ್ಪ ಮೊದಲು ನನ್ನ ಮುಖ ನೋಡಿದ, ಆಮೇಲೆ ಕಾಲು ನೋಡಿದ.

"ಇವ ಮಷೀನ್ ಮುಂದ ನಿಲ್ಲಂಗಿಲ್ಲ" ಅಂದು ಪಕ್ಕದವನಿಗೆ ಬೆರಳು ತೋರಿಸಿದ.

ಅವನ ಹಕ್ಕಿಗಾಗಿ ಕೆಟ್ಟ ಕಾಲು. ಅದೇ ಕಾಲು ನೋಡಿ ಹೊರಗೆ ಹಾಕಿದ. ಕುಂಟುತ್ತ ವಾಪಸು ಬರುವಾಗ ಊರಿಗೆ ಹೋಗುವ ಬಸ್ಸನ್ನೇ ಹುಡುಕುತ್ತಿದ್ದೆ. ಕಾಲು ವಾಸಿಯಾಗದಿದ್ದರೆ ಗೇಟಿಲ್ಲ. ಮುಂದಿನ ಭಾನುವಾರ ಕೆರೆಗೆ ಹೋಗದಿದ್ದರೂ ಗೇಟಿಲ್ಲ. ಹೋದರೆ ಮತ್ತೆ ಕಾಲಿಲ್ಲ.

ಖಾಲಾ ಭಟ್ಟಿಯ ಮುಂದೆ ಕೂತಿದ್ದಳು. ಕಾಲು ತೋರಿಸು ಅಂದಳು. ನೋಡಿ ಬೈದಳು.

"ಅಕಲ್ ಐತೇನು ನಿಂಗೆ? ಸತ್ತ ಕಾಲು ಬೆಂಕಿಗೆ ಹಿಡೀತಾರಾ? ಅದಕ್ಕೆ ಸುಡೋದು ಹೆಂಗ್ ಗೊತ್ತಾಗ್ಬೇಕು?"

"ಮತ್ತೆಂತ ಮಾಡೂದು?"

"ಎಂತ ಅಂತೆ, ಎಂತ! ಕೇಳು ಬೇಟಾ. ನೀರಿಗೆ ಹೋಗುವಾಗ ಏನೂ ಸುತ್ಕೋಬ್ಯಾಡ. ಹರಳೆಣ್ಣೆ ಬಳ್ಕೊಂಡು ಬರಿಗಾಲಾಗ ಇಳಿ. ಹೊರಗ ಬಂದ ಕೂಡ್ಲೆ ಒರ್‍ಸು. ಒಣಾ ಕಂಬಳಿ ಸುತ್ತು, ಅದರ ಮ್ಯಾಗ ಬಿಸಿ ಉಸುಕಿನ ಗಂಟು ಇಡು. ಕಾಲಿನ ಮಾತು ಕೇಳ್ಬ್ಯಾಡ. ಗಂಟು ಮೊದ್ಲು ಕೆನ್ನೆಗೆ ಹಿಡಿ. ಕೆನ್ನೆ ತಡ್ಕೊಂಡ್ರೆ ಕಾಲೂ ತಡ್ಕೊಳ್ತೈತೆ."

ಚಳಿಗಾಲದಲ್ಲಿ ಭಟ್ಟಿಯ ಮಂದಿ ಮುದುಕರ ಮಂಡಿಗೂ ಬಾಣಂತಿಯರ ಕಾಲಿಗೂ ಈ ಉಸುಕಿನ ಗಂಟು ಕಟ್ಟಿಕೊಡುತ್ತಾರಂತೆ. ಕೊಂಡಜ್ಜಿಗೆ ಮುಟ್ಟುವುದರೊಳಗೆ ಆರುವುದಿಲ್ಲವೇ ಅಂದೆ. ಉರಿಸಲು ಇಟ್ಟಿದ್ದ ಭತ್ತದ ಹೊಟ್ಟಿನ ರಾಶಿಯ ಕಡೆ ಕೈ ತೋರಿಸಿದಳು. ಬಿಸಿ ಉಸುಕಿನ ಗಂಟನ್ನು ಡಬ್ಬಿಯಲ್ಲಿಟ್ಟು, ಹೊಟ್ಟು ತುಂಬಿದ ಚೀಲದ ನಡುವೆ ಹುಗಿದರೆ ಬಹಳ ಹೊತ್ತು ಕಾವು ನಿಲ್ಲುತ್ತದೆ. ಕುರುಬರ ಹತ್ತಿರ ಹರಿದ ಕಂಬಳಿಯ ತುಂಡು ಕೇಳಿ ತಂದೆ.

ಬೊಕ್ಕೆ ಒಣಗಿದ ಮೇಲಿನ ಭಾನುವಾರ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ಹನುಮಂತಪ್ಪ ನಕ್ಕ.

"ಏನಲೇ ಅದು, ಗಂಟು ಮೂಟೆ? ಸಂಸಾರ ಹೂಡಾಕ ಬಂದೀಯೇನು?"

ನಾನು ಹರಳೆಣ್ಣೆ ಬಳಿದುಕೊಂಡೆ. ಬರಿಗಾಲಲ್ಲಿ ಇಳಿದೆ, ಹಕ್ಕಿ ತಂದೆ, ಒರೆಸಿದೆ, ಕಂಬಳಿ ಸುತ್ತಿ ಗಂಟು ಇಟ್ಟುಕೊಂಡೆ. ಮೊದಲು ಜುಮುಜುಮು. ಆಮೇಲೆ ಸೂಜಿ ಚುಚ್ಚಿದ ನೋವು. ನೋವಾಗಿದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಬೆರಳುಗಳು ಒಂದೊಂದಾಗಿ ನನ್ನವಾದವು.

ಹೊತ್ತೇರುವ ಮೊದಲು ಗಾಯವಾದ ಒಂದು ಹಕ್ಕಿ ದಂಡೆಯ ಹತ್ತಿರವೇ ಬಿತ್ತು. ಅದನ್ನು ಹಿಡಿಯಲು ಹನುಮಂತಪ್ಪ ತಾನೇ ನುಗ್ಗಿದ. ಕೆಸರು ಕುಸಿಯಿತು. ಸೊಂಟದವರೆಗೆ ಹೋದ. ಎಳೆದು ಮೇಲೆ ಹಾಕಿದಾಗ ಎರಡೂ ಬೂಟು ತುಂಬ ನೀರು, ಒಳಗೆ ಅವನ ಹತ್ತಿ. ಬಿಚ್ಚಿದರೆ ಪಾದ ಬೂದಿ ಬಣ್ಣ. ಹಲ್ಲು ಕಟಕಟ ಅನ್ನುತ್ತಿತ್ತು. ಬೆಂಕಿಯ ಕಡೆ ತೆವಳಿದ.

ಸುಟ್ಟುಕೊಳ್ಳಲಿ ಅಂತ ಒಂದು ಗಳಿಗೆ ಸುಮ್ಮನೆ ಕೂತಿದ್ದೆ. ಆಮೇಲೆ ಸುಟ್ಟ ವಾಸನೆ ನೆನಪಾಯಿತು.

"ಬೆಂಕಿಗೆ ಹಿಡೀಬೇಡಿ. ಸುಟ್ಟರೂ ತಿಳಿಯೂದಿಲ್ಲ."

"ಹಂಗಾರ ಆ ಗಂಟು ಕೊಡು ಇತ್ತಾಗ."

"ಕೊಡ್ತೆ. ಇನ್ನು ಮೇಲೆ ಯಾವಾಗಲೂ ನನ್ನ ಕಾಲು ಬೆಚ್ಚಗಾಗೂವರೆಗೆ ನೀರಿಗೆ ಇಳಿ ಅಂತ ಹೇಳಬಾರದು. ಇವರೆಲ್ಲ ಕೇಳಲಿ, ಈಗಲೇ ಹೇಳಿ."

ಅವನ ಗೆಳೆಯರು ಮುಖ ಮುಖ ನೋಡಿಕೊಂಡರು. ಹನುಮಂತಪ್ಪ ಕಣ್ಣು ಕೆಂಪು ಮಾಡಿದ, ಆದರೆ ಹಲ್ಲು ನಿಲ್ಲಲಿಲ್ಲ.

"ಆತು ಬಿಡಲೇ, ಹೇಳಂಗಿಲ್ಲ! ಕೊಡು ಮೊದ್ಲು!"

ಗಂಟನ್ನು ಕೆನ್ನೆಗೆ ಹಿಡಿದು ನೋಡಿ ಕೊಟ್ಟೆ. ಉಪಕಾರ ಅಂತ ಒಂದು ಮಾತು ಬರಲಿಲ್ಲ.

ಮರುದಿನ ಗೇಟಿನಲ್ಲಿ ಮೊದಲ ಬೆರಳು ನನಗೆ. ಅವನು ಕರೆದದ್ದು ನನ್ನನ್ನಲ್ಲ, ಉಸುಕನ್ನು. ಗೊತ್ತಿದ್ದೇ ಒಳಗೆ ಹೋದೆ. ಆ ಚಳಿಗಾಲ ಮುಗಿಯುವುದರೊಳಗೆ ಕಾಯಂ ಮಾಡಿಸಿದ. ಈಗಲೂ ನಾನು ಅವನಿಗೆ ಸಮುದ್ರ. ಈಗಲೂ ರೊಟ್ಟಿ ಗಂಟಲಲ್ಲಿ ಕೂರುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆನಲ್ಲ, ಒಂದು ಮಧ್ಯಾಹ್ನ ದಂಡೆಗೆ ಹೋದೆ. ಆ ಹೊತ್ತಿಗೆ ನೀವೆಲ್ಲ ಹೊಯಿಗೆಯ ಮೇಲೆ ಕುಣಿಯುತ್ತ ಓಡುತ್ತೀರಿ. ಚಿಕ್ಕಂದಿನಲ್ಲಿ ನಾನೂ ಓಡಿದವನೇ. ಆವತ್ತು ನಡುವೆ ನಿಂತುಬಿಟ್ಟೆ. ಕಪ್ಪು ಮಣ್ಣಿನಲ್ಲಿ ಒಡೆದು ದಪ್ಪಗಾದ ಹಿಮ್ಮಡಿ, ಸುಡಲಿಲ್ಲ. ಕಾವು ನಿಧಾನಕ್ಕೆ ಮೇಲೆ ಹತ್ತಿತು. ದೋಣಿಯ ನೆರಳಿನಿಂದ ನಮ್ಮ ಗಣಪು ಕೂಗಿದ.

"ಹೋಯ್, ಕಾಲು ಸುಡೂದಿಲ್ವನೋ ನಿಂಗೆ? ಪೂರಾ ಘಟ್ಟದ ಮೇಲಿನವ ಆಗಿಹೋದ್ಯಲ್ಲ ಮಾರಾಯ!"

ಎಲ್ಲರೂ ನಕ್ಕರು. ಅಲ್ಲಿಯೂ ನಗುತ್ತಾರೆ, ಇಲ್ಲಿಯೂ ನಗುತ್ತಾರೆ. ನಾನು ಬಗ್ಗಿ ಒಂದು ಹಿಡಿ ಹೊಯಿಗೆ ಎತ್ತಿ ಕೆನ್ನೆಗೆ ಹಿಡಿದು ನೋಡಿದೆ. ಕೊಂಡಜ್ಜಿಗೆ ಸರಿಯಾದ ಹದ.