ಅಜ್ಜಿ ಕೊಟ್ಟ ಗೋವಾದ ಉತ್ತರ

ಉರ್ವ ಮಾರ್ಕೆಟ್ಟಿನಲ್ಲಿ ಇವತ್ತು ಹಸಿ ಸಿಗಡಿಯ ವಾಸನೆ ಮೂಗಿಗೆ ಬಡಿದಾಗ ಅಜ್ಜಿಯ ಬೆರಳುಗಳು ನೆನಪಾದವು. ಎಷ್ಟು ಸಾಬೂನು ಹಾಕಿ ತೊಳೆದರೂ ಅವುಗಳಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅದೇ ಬೆರಳುಗಳಲ್ಲಿ ಅವಳು ಸಂಜೆಯ ಪ್ರಾರ್ಥನೆಗೆ ಶಿಲುಬೆಯ ಜಪಸರ ಹಿಡಿಯುತ್ತಿದ್ದಳು.

ಹೈಸ್ಕೂಲಿನಲ್ಲಿದ್ದಾಗ ನಾನು ವಿಕಾಸವಾದದ ಕಿರುಹೊತ್ತಗೆಯೊಂದನ್ನು ಓದಿ, ಮನುಷ್ಯ ಬಂದದ್ದು ಮಂಗನಿಂದ ಎಂದು ಮನೆಯಲ್ಲೆಲ್ಲ ಸಾರುತ್ತಿದ್ದೆ.

"ಹಾಗಾದ್ರೆ ಮಂಗ ಈಗಲೂ ಯಾಕೆ ಉಂಟು ಮಾರಾಯ್ತಿ?" ಎಂದು ಚಿಕ್ಕಪ್ಪ ಕೇಳಿದರು. ಎಲ್ಲರೂ ನಕ್ಕರು. ಪುಸ್ತಕದಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಗುವವರೆಗೆ ಪ್ರಾರ್ಥನೆಗೆ ಮೊಣಕಾಲೂರುವುದಿಲ್ಲ ಎಂದು ಹಟ ಹಿಡಿದು, ಅಡುಗೆಮನೆಯಲ್ಲಿ ಅಳುತ್ತಾ ಕುಳಿತೆ.

ಅಜ್ಜಿ ಸಿಗಡಿ ಸುಲಿಯುತ್ತಲೇ ಚಿಕ್ಕಪ್ಪನನ್ನು ಕರೆದಳು. "ನಮ್ಮ ಹಿರಿಯರು ಗೋವಾದಿಂದ ಬಂದದ್ದಲ್ವಾ? ಹಾಗಾದ್ರೆ ಗೋವಾದಲ್ಲಿ ಈಗ ಜನ ಇಲ್ವಾ?"

"ಇದ್ದಾರೆ. ಅದಕ್ಕೆಂತ?"

"ಅವರೂ ಹಳೆಯವರ ಹಾಗೆ ಉಳಿದಿಲ್ಲ, ನಾವೂ ಉಳಿದಿಲ್ಲ. ಅವರ ಕೊಂಕಣಿ ನಿನಗೆ ಪೂರಾ ಅರ್ಥ ಆಗ್ತದಾ?"

ನಾನು ಎದ್ದು ಹೋಗಿ ಎಲ್ಲರಿಗಿಂತ ಮೊದಲು ಮೊಣಕಾಲೂರಿದೆ.

ಮಂಗಗಳೂ ನಾವೂ ಒಂದೇ ಹಳೆಯ ಮೂಲದಿಂದ ಕವಲೊಡೆದವರು ಎಂದು ಈಗ ಎಲ್ಲಿ ವಾದಿಸಿದರೂ ನಾನು ಹೇಳುವುದು ಅವಳ ಗೋವಾದ ಮಾತನ್ನೇ. ಅಜ್ಜಿ ಮಾತ್ರ ಕೊನೆಯವರೆಗೂ ದೇವರು ಮಣ್ಣಿನಿಂದ ಮಾಡಿದ ಆದಾಮನನ್ನೇ ನಂಬಿದ್ದಳು. ಅಂದು ಅವಳಿಗೆ ನನ್ನ ಅಳು ನೋಡಲಾಗಲಿಲ್ಲ, ಅಷ್ಟೇ.