ಕೊನೆಯ ಪುಟದ ಅಡಿಯ ಸಾಲು

೧೯೬೯ರಲ್ಲಿ ಏಳನೆಯ ತರಗತಿಗೆ ನನ್ನ ಓದು ನಿಂತಿತು. ಅದೇ ವರ್ಷ ಶಹಾಪುರದ ಒಂದು ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸಲು ಕುಳಿತೆ. ಕಾಲುವೆಯ ನೀರು ಊರ ಸುತ್ತಲಿನ ಹೊಲಗಳಿಗೆ ಹರಿಯುವ ಹೊತ್ತಿಗೆ ಆ ಅಚ್ಚುಕೂಟ ನನ್ನದಾಗಿತ್ತು, ನನ್ನದೇ ಒಂದು ವಾರಪತ್ರಿಕೆಯೂ ಇತ್ತು. ಯಾರ ಮುಂದೆಯೂ ಕೈಯೊಡ್ಡದೆ ಮಾಡಿದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಮುದ್ರಕನ ಹೆಸರು, ಪ್ರಕಾಶಕನ ಹೆಸರು, ಊರು ಇರುವ ಒಂದು ಸಾಲು ಇರುತ್ತದೆ. ಉಳಿದ ಮೊಳೆಗಳನ್ನೆಲ್ಲ ವಾರವಾರ ಬಿಚ್ಚಿ ಖಾನೆಗಳಿಗೆ ಹಾಕುತ್ತಿದ್ದೆವು. ಈ ಸಾಲನ್ನು ಮಾತ್ರ ಬಿಚ್ಚದೆ ದಾರ ಸುತ್ತಿ ಇಡುತ್ತಿದ್ದೆ. ನಾಟಕದ ಕರಪತ್ರವಿರಲಿ, ಮದುವೆಯ ಕಾರ್ಡಿರಲಿ, ಅಡಿಗೆ ಅದನ್ನು ಕೂರಿಸದೆ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುರುಮಠಕಲ್ ಬಸ್ಸಿನಿಂದಿಳಿದ ಒಬ್ಬರು ಒಂದು ನಕಾಶೆ ತಂದುಕೊಟ್ಟರು. ಗಡಿಯಾಚೆಯ ನೆರೆರಾಜ್ಯದ ಸರ್ಕಾರ ಗುಟ್ಟಾಗಿ ಇಟ್ಟಿದ್ದು. ಕೃಷ್ಣೆಗೆ ಅವರು ಎತ್ತರಿಸಲಿದ್ದ ಒಡ್ಡಿನ ಹಿನ್ನೀರಿನಲ್ಲಿ ನಮ್ಮ ಕಡೆಯ ಯಾವ ಹೊಲ, ಯಾವ ಕೇರಿ ಮುಳುಗುತ್ತದೆಂದು ಅದರಲ್ಲಿ ಗೆರೆ ಎಳೆದಿದ್ದರು. ಆ ಕೇರಿಯವರಿಗೇ ಗೊತ್ತಿರಲಿಲ್ಲ. ತಂದವರು ಅಲ್ಲಿಯ ಕಚೇರಿಯ ನೌಕರರು. ತಮ್ಮ ಹೆಸರು ಬಾಯಿಬಿಡಬಾರದು ಎಂದಷ್ಟೇ ಕೇಳಿಕೊಂಡರು. ನಾನು ಮಾತು ಕೊಟ್ಟೆ.

ನಕಾಶೆಯ ಸಂಚಿಕೆಯನ್ನು ಅಚ್ಚಿಗೆ ಹಾಕುವಾಗ ಹೆಂಡತಿ ಕೊನೆಯ ಪುಟದ ಆ ಸಾಲಿನ ಮೇಲೆ ಕೈಯಿಟ್ಟಳು.

“ಈ ಸಲ ಇದನ್ನ ಬಿಡ್ರಿ. ನಿಮ್ಮ ಹೆಸರು ಓದಾಕ ಯಾರೂ ಹಾದಿ ಕಾಯಾಕತ್ತಿಲ್ಲ.”

“ಹೆಸರಿಲ್ಲದ ಹಾಳಿ ಕಳ್ಳರದು,” ಎಂದು ಕೂರಿಸಿದೆ.

ಕೆಲವೇ ದಿನಗಳಲ್ಲಿ ಆಚೆಯ ಪೊಲೀಸರು ವಾರಂಟ್ ಹಿಡಿದು ಬಂದರು. ನನ್ನನ್ನು ತಮ್ಮ ಕೋರ್ಟಿಗೆ ಒಯ್ಯಲು ಇಲ್ಲಿಯ ಕೋರ್ಟಿನ ಅಪ್ಪಣೆ ಬೇಕಿತ್ತು. ಜೀಪಿಗೆ ಒರಗಿ ನಿಂತ ಅವರ ಜಮಾದಾರ ಬೀಡಿ ಹಚ್ಚುತ್ತ ಹೇಳಿದ: “ಗಡಿ ದಾಟಲಿ ತಡಿ, ಪೇಪರ್ ದೊರಿ. ತಂದವರ ಹೆಸರು ನಾವ್ ಕೇಳೂದೂ ಬ್ಯಾಡ, ನೀನ ಹೇಳ್ತಿ.”

ಅಂದಿನಿಂದ ಅನ್ನ ಇಳಿಯಲಿಲ್ಲ. ಜೈಲಿಗೆ ಅಷ್ಟು ಅಂಜಿರಲಿಲ್ಲ. ಹೊಡೆತ ಬಿದ್ದರೆ ಹೇಳಿಬಿಡುತ್ತೇನೇನೋ ಎಂದು ಅಂಜಿದ್ದೆ. ದುಡಿದ ಮೈ ನಿಜ, ಆದರೆ ಎಷ್ಟು ತಡೆಯುತ್ತದೆಂದು ಯಾರು ಕಂಡಿದ್ದಾರೆ? ಆ ಹೆಸರನ್ನು ಮರೆಯಲು ನೋಡಿದೆ. ಮರೆಯಲು ಹೋದಷ್ಟೂ ನಾಲಿಗೆಯ ತುದಿಗೇ ಬಂತು. ನಿದ್ದೆಯಲ್ಲಿ ಕನವರಿಸಿಯೇನೆಂದು ಹೆಂಡತಿಯಿಂದಲೂ ದೂರ ಮಲಗಿದೆ.

ವಿಚಾರಣೆಯ ದಿನ ಅವರ ಜೀಪು ಎಂಜಿನ್ ಆರಿಸದೆ ಹೊರಗೆ ನಿಂತಿತ್ತು. ಕಟಕಟೆಯಲ್ಲಿದ್ದ ನನಗೆ ಆ ಸದ್ದೇ ಕೇಳುತ್ತಿತ್ತು. ಗುಟ್ಟು ಕಳುವಾದದ್ದು ತಮ್ಮಲ್ಲಿ, ವಿಚಾರಣೆಯೂ ತಮ್ಮಲ್ಲೇ ಆಗಬೇಕೆಂದು ಅವರ ವಕೀಲರು ಕೇಳಿದರು. ಸುರಪುರದಿಂದ ಬಂದಿದ್ದ ನನ್ನ ವಕೀಲರು ಪತ್ರಿಕೆಯ ಕೊನೆಯ ಪುಟ ತಿರುವಿ ನ್ಯಾಯಾಧೀಶರ ಮುಂದಿಟ್ಟರು. ಇವನು ಕದ್ದದ್ದಕ್ಕೆ ಆಧಾರವಿಲ್ಲ, ಮಾಡಿದ್ದು ಮುದ್ರಣ ಮಾತ್ರ. ಅದು ಶಹಾಪುರದಲ್ಲೇ ಆಯಿತೆಂದು ಇವನೇ ಹಾಕಿಕೊಂಡಿದ್ದಾನೆ, ತಪ್ಪಿದ್ದರೆ ಇಲ್ಲಿಯೇ ವಿಚಾರಿಸಬೇಕು ಎಂದರು. ನ್ಯಾಯಾಧೀಶರು ಆ ಸಾಲನ್ನು ಎರಡು ಸಲ ಓದಿ, ಪ್ರತಿ ಸಲವೂ ಹಾಕುತ್ತೀರಾ ಎಂದು ನನ್ನನ್ನು ಕೇಳಿದರು.

“ಹೌದ್ರಿ ಸಾಹೇಬ್ರ. ಮದಿವಿ ಕಾರ್ಡಿಗೂ ಹಾಕ್ತೀನ್ರಿ.”

ಹಿಂದೆ ಯಾರೋ ನಕ್ಕರು.

ಒಪ್ಪಿಸಲಾಗದೆಂದು ಆಜ್ಞೆಯಾಯಿತು. ಜೀಪು ಖಾಲಿ ಹೋಯಿತು. ಇಲ್ಲಿಯ ಮೊಕದ್ದಮೆ ವರ್ಷಗಟ್ಟಲೆ ಎಳೆದು ಬಿದ್ದುಹೋಯಿತು. ಇಂದಿಗೂ ಅಚ್ಚುಕೂಟದ ಮುಂದೆ ಜೀಪು ನಿಂತರೆ ನನ್ನ ಕೈ ನಿಲ್ಲುತ್ತದೆ. ಇಳಿಯುವವರು ಮದುವೆ ಕಾರ್ಡಿನವರೇ ಇರುತ್ತಾರೆ.

ಈಗ ನನ್ನಲ್ಲಿರುವುದು: ತುಕ್ಕು ಹಿಡಿದ ಒಂದು ಟ್ರೆಡಲ್ ಅಚ್ಚುಯಂತ್ರ, ಒಂದು ಆಫ್‌ಸೆಟ್ ಯಂತ್ರ, ಎರಡು ಕೋಣೆಯ ಮನೆ, ಅದೇ ಹೆಂಡತಿ, ದಾರ ಸುತ್ತಿದ ಒಂದು ಸಾಲು, ಯಾರಿಗೂ ಹೇಳದ ಒಂದು ಹೆಸರು.