ಗಂಗವ್ವನ ಠರಾವು

೧೯೮೭ರಲ್ಲಿ ಮಂಡಲ ಪಂಚಾಯತಿಗಳು ಬಂದಾಗ ನಾನು ಧಾರವಾಡ ಜಿಲ್ಲೆಯಲ್ಲಿ ಹೊಸ ಸದಸ್ಯರಿಗೆ ತರಬೇತಿ ಕೊಡುವ ಬೋಧಕನಾಗಿದ್ದೆ. ಕಲಘಟಗಿ ತಾಲೂಕಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಗೆದ್ದವರಲ್ಲಿ ಮೀಸಲು ಸ್ಥಾನದ ಹೆಂಗಸರಿದ್ದರು. ಸಭೆ ಎಂದರೇನೆಂದು ಅವರು ಕಂಡವರಲ್ಲ. ಭಾಷಣ ಮಾಡಿದರೆ ತೂಕಡಿಸುತ್ತಾರೆಂದು ನಾವು ರೋಲ್ ಪ್ಲೇ ಆಡಿಸುತ್ತಿದ್ದೆವು. ಒಬ್ಬರು ಪ್ರಧಾನ, ಒಬ್ಬರು ಕಾರ್ಯದರ್ಶಿ, ಉಳಿದವರು ಸದಸ್ಯರು. ಹೀಗೆ ಪಾತ್ರ ಹಾಕಿಕೊಂಡು ಸುಳ್ಳು ಸಭೆ ನಡೆಸುವುದೇ ಆಟ.

ಮೊದಲ ಆಟ ನೆಲಕಚ್ಚಿತು. ಕೋರಂ, ನೋಟೀಸು, ತಿದ್ದುಪಡಿ, ಮತ ಎಂದು ಮೇಲಿನಿಂದ ಬಂದ ನಿಯಮಗಳನ್ನೆಲ್ಲ ಒಂದೇ ಸಲ ಸುರಿದಿದ್ದೆವು. ಹಿಂದೆಯೂ ಸದಸ್ಯರಾಗಿದ್ದ ಹಳಬರು ಕಾನೂನು ತೆಗೆದು ಕುಣಿದರು, ಹೊಸಬರು ಬಾಯಿ ಹೊಲಿದುಕೊಂಡು ಕುಳಿತರು. ಗಂಗವ್ವ ಎಂಬ ಸದಸ್ಯೆಯಂತೂ ಸೆರಗಿನ ಮರೆಯಿಂದ ಮುಖವನ್ನೇ ಎತ್ತಲಿಲ್ಲ. ಅವರಿಗೆ ಬೇಕಾದದ್ದು ಒಂದೇ: ತಮ್ಮ ಓಣಿಗೊಂದು ಬೋರಿಂಗ್, ಅಂದರೆ ಕೈಪಂಪಿನ ಕೊಳವೆಬಾವಿ. ಅಲ್ಲಿಯ ಹೆಂಗಸರು ಕುಡಿಯುವ ನೀರಿಗೆ ಹಳ್ಳಕ್ಕೆ ಹೋಗುತ್ತಿದ್ದರು. ಅದಕ್ಕೇ ಓಣಿಯವರು ಇವರನ್ನು ಗೆಲ್ಲಿಸಿದ್ದರು.

ನಾನು ಆಟವನ್ನು ಕಳಚಿ ಮತ್ತೆ ಕಟ್ಟಿದೆ. ಮೊದಲ ಸುತ್ತಿನಲ್ಲಿ ಎದ್ದು ನಿಂತು ಹೆಸರು ಹೇಳಿದರೆ ಸಾಕು. ಆಮೇಲೆ ಒಂದು ಬೇಡಿಕೆ. ಕೊನೆಗೆ ಠರಾವು, ಅಂದರೆ ಸಭೆಯ ಮುಂದಿಡುವ ನಿರ್ಣಯ, ಅದಕ್ಕೊಬ್ಬ ಅನುಮೋದಕ. ಅನುಮೋದಿಸುವವರಿಲ್ಲದ ಠರಾವು ಚರ್ಚೆಗೇ ಬರುವುದಿಲ್ಲ. ಪ್ರತಿ ಹೊಸಬರ ಪಕ್ಕದಲ್ಲಿ ಹಳಬರೊಬ್ಬರು ಕುಳಿತು ಕಿವಿಯಲ್ಲಿ ಹೇಳಿಕೊಡಬೇಕು. ಈ ಏರ್ಪಾಟು ಹೊಳೆದದ್ದು ಬಸನಗೌಡರಿಗೆ. ಹಿಂದಿನ ಪಂಚಾಯತಿಯಲ್ಲಿ ಪಳಗಿದವರು, ಈಗಲೂ ಸದಸ್ಯರು, ಗಂಗವ್ವನ ಊರಿನವರೇ. ನನಗೆ ಅವರೆಂದರೆ ಬಹಳ ಅಭಿಮಾನ. ಗಂಗವ್ವನ ಪಕ್ಕ ತಾವಾಗಿಯೇ ಬಂದು ಕುಳಿತರು.

"ಹೆದರಬ್ಯಾಡ ತಂಗಿ, ನಾ ಅದೀನಿ. ನಿನ್ನ ಠರಾವಿಗೆ ಯಾರು ಹೂಂ ಅಂತಾರ, ಹೇಳು" ಎಂದು ಕೇಳಿದರು.

"ಫಕೀರಪ್ಪಣ್ಣ ಅಂತಾನ್ರಿ. ಸದಸ್ಯರೊಳಗ ಅವ ಒಬ್ಬನ ನಮ್ಮ ಕಡೆ" ಎಂದರು ಗಂಗವ್ವ.

ಆಟದಲ್ಲಿ ಗಂಗವ್ವ ಗೆದ್ದರು. ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ನನ್ನ ನೌಕರಿ ಸಾರ್ಥಕ ಅನ್ನಿಸಿತು.

ಮುಂದಿನ ತಿಂಗಳು ನಿಜವಾದ ಸಭೆಗೆ ವೀಕ್ಷಕನಾಗಿ ಹೋದೆ. ಆ ಊರಿಗೆ ಒಂದೇ ಬೋರಿಂಗ್ ಮಂಜೂರಾಗಿತ್ತು. ಗಂಗವ್ವ ಎದ್ದು ನಿಂತು, ಎಲ್ಲೂ ತಡವರಿಸದೆ ಠರಾವು ಮಂಡಿಸಿದರು. ಅನುಮೋದಕರು ಯಾರೆಂದು ಪ್ರಧಾನರು ಕೇಳಿದರು. ಫಕೀರಪ್ಪ ನೆಲ ನೋಡುತ್ತ ಕುಳಿತ. ಮತ್ತೆ ಕೇಳಿದರು. ಅವನು ಏಳಲಿಲ್ಲ. ಅವನ ಹೊಲಕ್ಕೆ ಎತ್ತಿನ ಚಕ್ಕಡಿ ಹೋಗುವ ದಾರಿ ಬಸನಗೌಡರ ಹೊಲದೊಳಗೆ ಹಾದುಹೋಗುತ್ತಿತ್ತು. ಹೂಂ ಅಂದರೆ ದಾರಿ ಬಂದ್ ಎಂದು ಗೌಡರು ಮೊದಲೇ ಹೇಳಿಕಳಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ಠರಾವು ಬಿದ್ದುಹೋಯಿತು. ಒಡನೆಯೇ ಬಸನಗೌಡರು ಎದ್ದು ಅದೇ ಬೋರಿಂಗ್ ತಮ್ಮ ಓಣಿಗೆ ಆಗಬೇಕೆಂದರು. ಅನುಮೋದಿಸಲು ಜನ ನಾ ಮುಂದು ತಾ ಮುಂದು ಎಂದು ಕೈ ಎತ್ತಿದರು.

ಹೊರಗೆ ಗೌಡರನ್ನು ತಡೆದು ನಿಲ್ಲಿಸಿದೆ.

"ಹಿಂಗ ಮಾಡೂದೇನ್ರಿ ಗೌಡ್ರ?"

"ನೀವ ಕಲಿಸಿದ ನಿಯಮರಿ ಸಾಹೇಬ್ರ. ಅದನ್ನ ಬಿಟ್ಟು ನಾ ಏನ ಮಾಡೀನಿ?" ಎಂದು ನಕ್ಕು ಹೊರಟುಹೋದರು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಏನೆಂದು ಆವತ್ತು ಗೊತ್ತಾಯಿತು. ಕೊಯ್ದದ್ದು ನನ್ನೊಬ್ಬನದಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಗಂಗವ್ವ ಕಟ್ಟೆಯ ಹತ್ತಿರ ನಿಂತಿದ್ದರು. "ಆಟದಾಗ ಬಾಜು ಕುಂತವರು ಸಭಾದಾಗ ಎದುರು ಕುಂದರತಾರ ಅಂತ ನೀವು ಹೇಳಲೇ ಇಲ್ಲಲ್ರಿ" ಎಂದರು.

ನಿವೃತ್ತನಾಗುವವರೆಗೂ ಆ ಆಟ ಆಡಿಸಿದೆ, ಹೊಸಬರಿಗೆ ಸುಲಭವಾಗಿಯೇ ಇಟ್ಟೆ. ಆದರೆ ಅವರ ಪಕ್ಕದಲ್ಲಿ ಅದೇ ಮಂಡಲದ ಹಳಬರನ್ನು ಎಂದೂ ಕೂರಿಸಲಿಲ್ಲ. ಕಲಿಯುವವರು ಸೋತರೆ ಕಲಿಸುವವನಿಗೆ ಲಾಭವಿದೆಯೇ ಎಂದು ಮೊದಲು ನೋಡಬೇಕು, ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ನಾನಿದನ್ನು ಕಲಿಯುವುದಕ್ಕಾಗಿ ಗಂಗವ್ವನ ಓಣಿಯವರು ಮತ್ತೊಂದು ಬೇಸಿಗೆ ಹಳ್ಳದ ನೀರು ಕುಡಿದರು.